ಸುಳ್ಳು ದ್ವೀಪದ ಅಸಲಿ ಚರಿತ್ರೆ

ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ನಗರಕ್ಕೆ ಅಂಟಿಕೊಂಡಿರುವ ಓಕ್‌ಲ್ಯಾಂಡ್ ಪಾರ್ಕಿನಲ್ಲಿ, ಕಾರುಗಳು ಎಡೆಬಿಡದೆ ಓಡುವ ಫೆಡರಲ್ ಹೈವೇಯ ಮಗ್ಗುಲಿಗೆ ಒಂದು ದಕ್ಷಿಣ ಪೆಸಿಫಿಕ್ ದ್ವೀಪವಿದೆ. ಕಡಿದಾದ ಇಳಿಜಾರಿನ ಮಾಡು, ಉರಿಯುವ ದೀವಟಿಗೆಗಳು, ಮರದಲ್ಲಿ ಕೆತ್ತಿದ ದೊಡ್ಡ ಬಾಯಿಯ ವಿಗ್ರಹಗಳು, ಜಲಪಾತ, ತಾಳೆ ಮರಗಳು. ಸಮೀಪದ ಕಡಲೋ ಅಟ್ಲಾಂಟಿಕ್; ಪೆಸಿಫಿಕ್ ಖಂಡದ ಆಚೆ ಬದಿಯಲ್ಲಿದೆ. ಮಾಯ್-ಕಾಯ್ ಎಂಬ ಈ ರೆಸ್ಟೋರೆಂಟ್ 1956ರ ಡಿಸೆಂಬರ್ 28ರಂದು ಬಾಗಿಲು ತೆರೆಯಿತು. 2020ರ ಅಕ್ಟೋಬರಿನಲ್ಲಿ ಭಾರೀ ಮಳೆಗೆ ಅಡುಗೆಮನೆಯ ಚಾವಣಿ ಕೈಕೊಟ್ಟು, ಒಳಗೆಲ್ಲ ನೀರು ನುಗ್ಗಿ, ಮುಚ್ಚಿತು. ಕೋವಿಡ್ ಕಾಲ ಬೇರೆ. ಇನ್ನು ಮುಗಿಯಿತು ಎಂದೇ ಬಹಳ ಮಂದಿ ಭಾವಿಸಿದ್ದರು. ನಾಲ್ಕು ವರ್ಷಗಳ ಬಳಿಕ, 2024ರ ನವೆಂಬರಿನಲ್ಲಿ, ಅದು ಮತ್ತೆ ತೆರೆಯಿತು.

ಹೋಟೆಲೊಂದು ಮುಚ್ಚಿ ತೆರೆಯುವುದು ದೊಡ್ಡ ಸುದ್ದಿಯಲ್ಲ. ಆದರೆ ಮಾಯ್-ಕಾಯ್ 2014ರಿಂದ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಅಂದರೆ ಹುಟ್ಟಿನಿಂದಲೇ ಅನುಕರಣೆಯಾಗಿದ್ದ ಒಂದು ಕಟ್ಟಡ ಈಗ ದೇಶದ ಪರಂಪರೆ. ಹೆದ್ದಾರಿಯ ಬದಿಯಲ್ಲಿ 'ರಾಜಸ್ಥಾನಿ ಹಳ್ಳಿ' ಕಟ್ಟಿ, ಬಾಗಿಲಲ್ಲಿ ಬಣ್ಣದ ಪೇಟದವನೊಬ್ಬನನ್ನು ನಿಲ್ಲಿಸಿ, ಒಳಗೆ ಪನೀರ್ ಮಂಚೂರಿ ಬಡಿಸುವ ನಮ್ಮ ಕಡೆಯ ಹೋಟೆಲುಗಳನ್ನು ಕಂಡವರಿಗೆ ಇದು ವಿಚಿತ್ರವೆನಿಸಬಹುದು. ಅಂಥದೊಂದು ಹೋಟೆಲಿಗೆ ಎಪ್ಪತ್ತು ವರ್ಷ ತುಂಬಿದರೆ ಅದನ್ನು ಸ್ಮಾರಕವೆನ್ನಬೇಕೇ? ಮಾಯ್-ಕಾಯ್ ವಿಷಯದಲ್ಲಿ ನನ್ನ ಉತ್ತರ, ಹೌದು. ಆದರೆ ಪಟ್ಟಿ ಕೊಡುವ ಕಾರಣಕ್ಕಲ್ಲ. ಅಲ್ಲಿನ ದ್ವೀಪ ಸುಳ್ಳು. ಅದನ್ನು ದಿನವೂ ನಡೆಸಿದವರ ಕಸುಬು ಸುಳ್ಳಲ್ಲ. ಸಂರಕ್ಷಣೆಯ ಕಾನೂನಿಗೆ ಕಾಣುವುದು ಮೊದಲನೆಯದು ಮಾತ್ರ.

ಕತೆ ಶುರುವಾಗುವುದು ಫ್ಲಾರಿಡಾದಲ್ಲಲ್ಲ, ಹಾಲಿವುಡ್‌ನಲ್ಲಿ. 1933ರ ಡಿಸೆಂಬರಿನಲ್ಲಿ ಅಮೆರಿಕದ ಪಾನನಿಷೇಧ ರದ್ದಾಯಿತು. ಅದರ ಬೆನ್ನಿಗೇ ಅರ್ನೆಸ್ಟ್ ಗ್ಯಾಂಟ್ ಎಂಬ ಅಲೆಮಾರಿ ಅಲ್ಲಿ ಪುಟ್ಟದೊಂದು ಬಾರ್ ಇಟ್ಟ. ಬಿದಿರು, ಮೀನಿನ ಬಲೆ, ದೋಣಿಯ ತುಂಡುಗಳಿಂದ ಅದನ್ನು ಸಿಂಗರಿಸಿ 'ಡಾನ್ ದ ಬೀಚ್‌ಕೂಂಬರ್' ಎಂದು ಕರೆದ. ಕೊನೆಗೆ ತನ್ನ ಹೆಸರನ್ನೇ ಕಾನೂನು ರೀತ್ಯಾ ಡಾನ್ ಬೀಚ್ ಎಂದು ಬದಲಿಸಿಕೊಂಡ. ಆ ಹೊತ್ತಿಗೆ ಒಳ್ಳೆಯ ವಿಸ್ಕಿ ದುಬಾರಿ, ಕೆರಿಬಿಯನ್ ರಮ್ ಅಗ್ಗ. ಅವನ ಜಾಣತನ ಇದ್ದದ್ದು ಬೇರೆ ಬೇರೆ ದ್ವೀಪಗಳ ಎರಡು ಮೂರು ಬಗೆಯ ರಮ್ಮನ್ನು ಒಂದೇ ಲೋಟದಲ್ಲಿ ಬೆರೆಸಿ, ನಿಂಬೆ, ಗ್ರೇಪ್‌ಫ್ರೂಟ್ (ಚಕ್ಕೋತದ ಜಾತಿಯ ಹಣ್ಣು) ಇಂಥ ಹುಳಿ ರಸಗಳು ಮತ್ತು ಮಸಾಲೆಯ ಪಾಕಗಳೊಂದಿಗೆ ಹದ ಹಿಡಿಯುವುದರಲ್ಲಿ. ಬಡಿಸಿದ ಊಟ ಕ್ಯಾಂಟನೀಸ್ ಚೀನೀ ಅಡುಗೆಯ ಅಮೆರಿಕನ್ ರೂಪ. ಹೀಗೆ ಮದ್ಯ ಕೆರಿಬಿಯನ್ನಿನದು, ಅಡುಗೆ ಕ್ಯಾಂಟನ್ನಿನದು, ಅಲಂಕಾರ ಪೆಸಿಫಿಕ್ಕಿನದು, ಬಿಲ್ಲು ಮಾತ್ರ ಅಮೆರಿಕದ್ದು. ಉತ್ತರ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ವಿಕ್ಟರ್ ಬರ್ಜೆರಾನ್ ಇದೇ ದಾರಿ ಹಿಡಿದು 'ಟ್ರೇಡರ್ ವಿಕ್ಸ್' ಎಂಬ ಸರಣಿಯನ್ನೇ ಕಟ್ಟಿದ. ಇಬ್ಬರ ನಡುವಿನ ಪೈಪೋಟಿ, ಯಾವ ಪೇಯ ಯಾರ ಸೃಷ್ಟಿ ಎಂಬ ಜಗಳ ಇವತ್ತಿಗೂ ರಸಿಕರ ನಡುವೆ ಮುಗಿದಿಲ್ಲ; ಅದನ್ನು ಅವರಿಗೇ ಬಿಡೋಣ.

'ಟಿಕಿ' ಎಂದು ಹೆಸರಾದ ಈ ಶೈಲಿಗೆ ನಿಜವಾದ ಸುಗ್ಗಿ ಬಂದದ್ದು ಎರಡನೆಯ ಮಹಾಯುದ್ಧದ ಮೇಲೆ. ಲಕ್ಷಾಂತರ ಅಮೆರಿಕನ್ ಯುವಕರು ಪೆಸಿಫಿಕ್ ದ್ವೀಪಗಳಲ್ಲಿ ಕಾದಾಡಿ ಮರಳಿದ್ದರು. ಅಲ್ಲಿನ ಕೆಸರು, ಮಲೇರಿಯಾ, ಸಾವು ಹಿಂದೆ ಸರಿದು, ತೆಂಗಿನ ಮರಗಳು ನೆನಪಿನಲ್ಲಿ ಉಳಿದವು. 1947ರಲ್ಲಿ ನಾರ್ವೆಯ ಥೋರ್ ಹೆಯರ್ಡಾಲ್ ಕಾನ್-ಟಿಕಿ ತೆಪ್ಪದಲ್ಲಿ ಪೆರುವಿನಿಂದ ಪೆಸಿಫಿಕ್ಕಿನ ಪಾಲಿನೇಷ್ಯ ದ್ವೀಪಗಳಿಗೆ ತೇಲಿಹೋದ ಸಾಹಸ ಮನೆಮಾತಾಯಿತು. 1959ರಲ್ಲಿ ಹವಾಯಿ ಅಮೆರಿಕದ 50ನೆಯ ರಾಜ್ಯವಾಯಿತು. ಜೆಟ್ ವಿಮಾನಗಳೂ ಅದೇ ಹೊತ್ತಿಗೆ ಬಂದವು. ಮಧ್ಯಮ ವರ್ಗದವನೊಬ್ಬ ದ್ವೀಪಕ್ಕೆ ಹೋಗಲು ಆಗದಿದ್ದರೂ ಶನಿವಾರ ಸಂಜೆ ಹೆಂಡತಿಯೊಡನೆ ಕಾರಿನಲ್ಲಿ ಹೋಗಿ ದ್ವೀಪದಲ್ಲಿ ಕೂತು ಬರಬಹುದಾಗಿತ್ತು.

ಅದೇ ವರ್ಷಗಳಲ್ಲಿ ನಿಜವಾದ ದ್ವೀಪಗಳಲ್ಲಿ ನಡೆಯುತ್ತಿದ್ದದ್ದು ಬೇರೆಯೇ. ಮಾಯ್-ಕಾಯ್ ತೆರೆದ 1956ರಲ್ಲೇ, ಮೇ ತಿಂಗಳಿಂದ ಜುಲೈವರೆಗೆ, ಅಮೆರಿಕ ಮಾರ್ಷಲ್ ದ್ವೀಪಗಳ ಬಿಕಿನಿ ಮತ್ತು ಎನಿವೆಟಾಕ್ ಹವಳದಿಬ್ಬಗಳಲ್ಲಿ 17 ಅಣ್ವಸ್ತ್ರಗಳನ್ನು ಸ್ಫೋಟಿಸಿ ಪರೀಕ್ಷಿಸಿತು. ಬಿಕಿನಿಯ ನಿವಾಸಿಗಳನ್ನು ಅವರ ನೆಲದಿಂದ ಎತ್ತಂಗಡಿ ಮಾಡಿ ಆಗಲೇ ಹತ್ತು ವರ್ಷವಾಗಿತ್ತು. ಮತ್ತೆ ಹತ್ತು ವರ್ಷ ಕಳೆದ ಮೇಲೆ, 1966ರಲ್ಲಿ, ಟಹೀಟಿಯನ್ನು ಒಳಗೊಂಡ ಫ್ರೆಂಚ್ ಪಾಲಿನೇಷ್ಯದ ಮೊರುರೋವಾದಲ್ಲಿ ಫ್ರಾನ್ಸ್ ತನ್ನ ಪರೀಕ್ಷೆಗಳನ್ನು ಶುರು ಮಾಡಿ 1996ರವರೆಗೂ ಮುಂದುವರಿಸಿತು. ಟಿಕಿ ಬಾರುಗಳ ಮಂದ ಬೆಳಕಿನಲ್ಲಿ ಇದ್ಯಾವುದರ ಸುಳಿವೂ ಸಿಗುತ್ತಿರಲಿಲ್ಲ. ಸಿಗದಂತೆ ನೋಡಿಕೊಳ್ಳುವುದೇ ಆ ವ್ಯಾಪಾರದ ಮೂಲ ಎನ್ನಬೇಕು.

ಶಿಕಾಗೋದಿಂದ ಬಂದವರು

ಬಾಬ್ ಮತ್ತು ಜ್ಯಾಕ್ ಥಾರ್ನ್‌ಟನ್ ಶಿಕಾಗೋದ ಅಣ್ಣತಮ್ಮಂದಿರು. ಅಲ್ಲಿನ ಡಾನ್ ದ ಬೀಚ್‌ಕೂಂಬರ್ ಶಾಖೆ ಅವರ ಮೆಚ್ಚಿನ ತಾಣ. ಚಳಿಗಾಲದಲ್ಲಿ ಮನೆಯವರೊಂದಿಗೆ ಫೋರ್ಟ್ ಲಾಡರ್‌ಡೇಲಿಗೆ ಬರುತ್ತಿದ್ದ ಅವರಿಗೆ ಇಂಥದೊಂದು ಜಾಗ ಇಲ್ಲೂ ಇದ್ದರೆ ಎಂದು ಹೊಳೆಯಿತು. ಆಗ ಫೆಡರಲ್ ಹೈವೇ ಎರಡೇ ಪಥಗಳ ರಸ್ತೆ, ಸುತ್ತ ಬಹುತೇಕ ಖಾಲಿ ಜಾಗ. ಸ್ಥಳೀಯ ವಾಸ್ತುಶಿಲ್ಪಿ ಚಾರ್ಲ್ಸ್ ಮೆಕಿರಾಹನ್ ದೂರದಿಂದಲೇ ಕಾಣುವ ತ್ರಿಕೋನಾಕೃತಿಯ ಕಟ್ಟಡವನ್ನು ರೂಪಿಸಿದರು. 1970ರ ದಶಕದ ಆರಂಭದಲ್ಲಿ ಕಟ್ಟಡ ಮತ್ತಷ್ಟು ಹಬ್ಬಿತು. ದ್ವೀಪಗಳ ಹೆಸರಿನ ಊಟದ ಕೋಣೆಗಳು, ತೋಟ, ಹಳೆಯ ಹಡಗಿನ ಒಳಭಾಗದಂತೆ ಕಟ್ಟಿದ 'ಮೊಲೊಕಾಯ್' ಬಾರ್. ಆ ಬಾರಿನ ಕಿಟಕಿಗಾಜುಗಳ ಮೇಲೆ ಸದಾ ಮಳೆ ಸುರಿಯುತ್ತಿರುತ್ತದೆ, ಕೊಳಾಯಿಯಿಂದ.

ಹಣ, ಕಟ್ಟಡ ಯಾರಾದರೂ ಹೊಂದಿಸಬಹುದಿತ್ತು. ಥಾರ್ನ್‌ಟನ್ ಸೋದರರು ಮಾಡಿದ ಜಾಣ ಕೆಲಸವೆಂದರೆ ಶಿಕಾಗೋದ ಡಾನ್ ದ ಬೀಚ್‌ಕೂಂಬರಿನಿಂದ ಆಳುಗಳನ್ನೇ ಎಳೆದು ತಂದದ್ದು. ಬಾಣಸಿಗ ಕೆನ್ನಿ ಲೀ ಬಂದರು; ಬಾರ್ ನೋಡಿಕೊಳ್ಳಲು ಫಿಲಿಪೀನ್ಸ್ ಮೂಲದ ಮಾರಿಯಾನೊ ಲಿಕುಡಿನೆ ಬಂದರು. ಮಾಯ್-ಕಾಯ್ ಅರವತ್ತು ವರ್ಷ ದಾಟಿ ಉಳಿದದ್ದಕ್ಕೆ ಒಬ್ಬರ ಹೆಸರು ಹೇಳಬೇಕಾದರೆ ನಾನು ಲಿಕುಡಿನೆಯವರ ಹೆಸರನ್ನು ಹೇಳುತ್ತೇನೆ.

ಅದೇಕೆಂದು ತಿಳಿಯಲು ಡಾನ್ ಬೀಚ್‌ನ ಬಾರ್ ಹೇಗೆ ನಡೆಯುತ್ತಿತ್ತೆಂದು ನೋಡಬೇಕು. ಅವನ ಬಾರ್‌ಟೆಂಡರುಗಳಲ್ಲಿ ಬಹುಪಾಲು ಫಿಲಿಪಿನೋಗಳು. ಮಿಶ್ರಣದ ಗುಟ್ಟು ಪ್ರತಿಸ್ಪರ್ಧಿಗಳ ಪಾಲಾಗದಿರಲೆಂದು ಅವನು ಬಾಟಲಿಗಳಿಗೆ ಸಂಕೇತದ ಚೀಟಿ ಅಂಟಿಸುತ್ತಿದ್ದ: ಇಂಥ ಅಂಕಿಯ 'ಡಾನ್ಸ್ ಮಿಕ್ಸ್', ಇಂಥ ಅಂಕಿಯ 'ಸ್ಪೈಸಸ್'. ಬೆರೆಸುವವನಿಗೆ ಎಷ್ಟು ಹಾಕಬೇಕೆಂದು ಗೊತ್ತು, ಏನು ಹಾಕುತ್ತಿದ್ದೇನೆಂದು ಗೊತ್ತಿಲ್ಲ. ಕೆಲಸಗಾರನ ಕೈಯನ್ನು ಬಳಸಿಕೊಂಡು ಅವನ ತಿಳಿವಳಿಕೆಗೆ ಬೀಗ ಹಾಕುವ ಏರ್ಪಾಡು ಇದು. ಆದರೆ ನಾಲಿಗೆಗೆ ಬೀಗ ಹಾಕಲಾಗುವುದಿಲ್ಲವಲ್ಲ. ಬಾರ್‌ಟೆಂಡರುಗಳು ಕಿಸೆಯ ಪುಸ್ತಕಗಳಲ್ಲಿ ಅಳತೆಗಳನ್ನು ಬರೆದುಕೊಂಡರು, ಮನೆಗೆ ಒಯ್ದರು, ಮುಂದಿನ ಕೆಲಸಕ್ಕೂ ಒಯ್ದರು. ದಶಕಗಳ ಬಳಿಕ ಜೆಫ್ ಬೆರಿ ಎಂಬ ಸಂಶೋಧಕ 1937ರ ಅಂಥದೊಂದು ಕಿಸೆಪುಸ್ತಕದ ನೆರವಿನಿಂದಲೇ 'ಜಾಂಬಿ' ಎಂಬ ಪ್ರಸಿದ್ಧ ಪೇಯದ ಗುಟ್ಟು ಒಡೆದರು. ಆ ಪುಸ್ತಕ ಡಿಕ್ ಸ್ಯಾಂಟಿಯಾಗೊ ಎಂಬ ಹಳೆಯ ಕೆಲಸಗಾರನದು. 'ಡಾನ್ಸ್ ಮಿಕ್ಸ್' ಎಂದರೆ ಎರಡು ಪಾಲು ಗ್ರೇಪ್‌ಫ್ರೂಟ್ ರಸಕ್ಕೆ ಒಂದು ಪಾಲು ದಾಲ್ಚಿನ್ನಿ ಪಾಕ. ಅಷ್ಟೇ. ಇಷ್ಟಕ್ಕೆ ಎಷ್ಟೊಂದು ಗುಟ್ಟು ಎನಿಸಬಹುದು. ಆದರೆ ಮಾರುಕಟ್ಟೆಯಲ್ಲಿ ಗುಟ್ಟಿಗೇ ಬೆಲೆ.

ಈ ಮಂದಿ ಬಾರಿನ ಹಿಂದೆ ನಿಂತದ್ದೂ ಆಕಸ್ಮಿಕವಲ್ಲ. ಫಿಲಿಪೀನ್ಸ್ ಆಗ ಅಮೆರಿಕದ ವಸಾಹತು. ಬಾರ್ ಹುಟ್ಟಿದ ಅದೇ 1933ರಲ್ಲಿ ಕ್ಯಾಲಿಫೋರ್ನಿಯಾ ಫಿಲಿಪಿನೋಗಳು ಬಿಳಿಯರನ್ನು ಮದುವೆಯಾಗುವುದನ್ನು ಕಾನೂನಿನಿಂದ ನಿಷೇಧಿಸಿತು. ಮರುವರ್ಷ ಅಮೆರಿಕ ಕಾಂಗ್ರೆಸ್ಸು ಫಿಲಿಪಿನೋ ವಲಸೆಯನ್ನು ವರ್ಷಕ್ಕೆ 50 ಜನಕ್ಕೆ ಇಳಿಸಿತು. ಹೊಲದ ಕೂಲಿ, ಮೀನಿನ ಕಾರ್ಖಾನೆ, ಹೋಟೆಲಿನ ಊಳಿಗ ಬಿಟ್ಟರೆ ಅವರಿಗೆ ಹೆಚ್ಚಿನ ದಾರಿಗಳಿರಲಿಲ್ಲ. ಕ್ಯಾಂಟನೀಸ್ ಅಡುಗೆಯವರ ಸ್ಥಿತಿಯೂ ಭಿನ್ನವಲ್ಲ. ಚೀನೀಯರ ವಲಸೆ ನಿಷೇಧ 1943ರವರೆಗೂ ಜಾರಿಯಲ್ಲಿತ್ತು. ಗಿರಾಕಿಯ ಕಣ್ಣಿಗೆ ಇವರೆಲ್ಲ ದ್ವೀಪವಾಸಿಗಳಂತೆ ಕಂಡರೆ ಮಾಲೀಕರಿಗೆ ಸಾಕಾಗಿತ್ತು. ಒಬ್ಬರ ಮುಖ ಇನ್ನೊಬ್ಬರ ದೇಶಕ್ಕೆ ಒಪ್ಪುತ್ತದೆಂದು ಯಾರೋ ಮೂರನೆಯವರು ತೀರ್ಮಾನಿಸಿದರು.

ಈ ಹಿನ್ನೆಲೆಯಿಂದ ಬಂದ ಲಿಕುಡಿನೆ ಮಾಯ್-ಕಾಯ್‌ನಲ್ಲಿ ಬಾರಿನ ಒಡೆತನವಲ್ಲದಿದ್ದರೂ ಅದರ ಯಜಮಾನಿಕೆ ಪಡೆದರು. ಹಿಂದಿನ ಕೆಲಸದಲ್ಲಿ ಕರಗತವಾದ ಪೇಯಗಳನ್ನು ಹೊಸ ಹೆಸರುಗಳಲ್ಲಿ ತಿದ್ದಿ ತೀಡಿದರು, ತಮ್ಮದೇ ಆದವನ್ನು ಸೇರಿಸಿದರು. 1959ರ ಅವರ 'ಡರ್ಬಿ ಡಾಯ್ಕಿರಿ' ಹೆಸರು ಮಾಡಿತು. ವಿಶೇಷವೆಂದರೆ ಇಲ್ಲಿ ಪೇಯಗಳು ತಯಾರಾಗುತ್ತಿದ್ದದ್ದು ಗಿರಾಕಿಗಳ ಎದುರಿನ ಕಟ್ಟೆಯಲ್ಲಲ್ಲ, ಅಡುಗೆಮನೆಯ ಕಡೆಯ ಮರೆಯ ಕೋಣೆಗಳಲ್ಲಿ. ಗುಟ್ಟೂ ಉಳಿಯಿತು, ಕೆಲಸವೂ ವೇಗವಾಯಿತು. ಕೆಲಸಗಾರ ಮಾತ್ರ ಕಾಣದಾದ. ಡಾನ್ ಬೀಚ್‌ನ ಸ್ವಂತ ಸರಣಿ ಹಲವು ಕೈ ಬದಲಿಸಿ ಒಂದೊಂದೇ ಶಾಖೆ ಮುಚ್ಚುತ್ತ ಹೋದಾಗ, ಅವನ ಕಾಲದ ಅಳತೆಗಳು ಹೆಚ್ಚು ಕೆಡದೆ ಉಳಿದ ಜಾಗಗಳಲ್ಲಿ ಮುಖ್ಯವಾದದ್ದು ಮಾಯ್-ಕಾಯ್‌ನ ಈ ಹಿಂಬದಿ ಕೋಣೆ. ಇನ್ನೊಂದು ಲಾಸ್ ಏಂಜಲೀಸಿನ 'ಟಿಕಿ-ಟಿ'. ಡಾನ್‌ನ ಬಳಿ ದುಡಿದಿದ್ದ ರೇ ಬುಹೆನ್ ಎಂಬ ಫಿಲಿಪಿನೋ 1961ರಲ್ಲಿ ತಾನೇ ತೆರೆದ ಪುಟ್ಟ ಬಾರ್ ಅದು. ಈ ಇಡೀ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸುವ ಸಂಗತಿಯೂ ಅದೇ: ಅಂಕಿಯ ಬಾಟಲಿಯಿಂದ ಸುರಿಯುತ್ತಿದ್ದವನು ಒಂದು ದಿನ ತನ್ನ ಬಾಗಿಲಿಗೆ ತನ್ನದೇ ಬೋರ್ಡು ಹಾಕಿದ.

ಬೆಂಕಿಯ ಕತ್ತಿ ಎಲ್ಲಿಯದು?

ಮಾಯ್-ಕಾಯ್‌ನ ಇನ್ನೊಂದು ಹೆಗ್ಗಳಿಕೆ ಅದರ ನೃತ್ಯ ಪ್ರದರ್ಶನ. 1960ರ ದಶಕದ ಆರಂಭದಿಂದ ನಡೆದುಕೊಂಡು ಬಂದಿದೆ. ಟಹೀಟಿಯಿಂದ ನರ್ತಕಿಯಾಗಿ ಬಂದ ಮಿರೇಯ್ ಬಾಬ್ ಥಾರ್ನ್‌ಟನ್ನರನ್ನು ಮದುವೆಯಾದರು, ನೃತ್ಯ ಸಂಯೋಜನೆಯನ್ನೂ ವೇಷಭೂಷಣವನ್ನೂ ತಮ್ಮ ಕೈಗೆ ತೆಗೆದುಕೊಂಡರು. 1989ರಲ್ಲಿ ಬಾಬ್ ತೀರಿಕೊಂಡ ಮೇಲೆ ರೆಸ್ಟೋರೆಂಟ್ ನಡೆದದ್ದು ಅವರು ಮತ್ತು ಮಕ್ಕಳ ಉಸ್ತುವಾರಿಯಲ್ಲಿ. ಪಾಲಿನೇಷ್ಯದ ಸೋಗು ಹಾಕಿದ ಜಾಗವೊಂದನ್ನು ಪಾಲಿನೇಷ್ಯದ ಹೆಣ್ಣುಮಗಳೊಬ್ಬಳು ದಶಕಗಟ್ಟಲೆ ನಡೆಸಿದಳು ಎಂಬುದನ್ನು 'ಎಲ್ಲ ಬರೀ ನಕಲಿ' ಎನ್ನುವವರು ಲೆಕ್ಕಕ್ಕೆ ಹಿಡಿಯಬೇಕು.

ಅಸಲಿ-ನಕಲಿಯ ಗೆರೆ ಇನ್ನಷ್ಟು ಮಸುಕಾಗುವುದು ಪ್ರದರ್ಶನದ ಕೊನೆಯಲ್ಲಿ ಬರುವ ಸಮೋವಾದ ಬೆಂಕಿಕತ್ತಿಯ ಕುಣಿತದಲ್ಲಿ. ನೋಡುವವರು ಅದನ್ನು ತಲೆತಲಾಂತರದ ಆಚರಣೆ ಎಂದುಕೊಳ್ಳುತ್ತಾರೆ. ಕತ್ತಿ ತಿರುಗಿಸುವ ಯೋಧ ನೃತ್ಯ ಸಮೋವಾದಲ್ಲಿ ಹಳೆಯದೇ. ಆದರೆ ಕತ್ತಿಗೆ ಬೆಂಕಿ ಹತ್ತಿದ್ದು 1946ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಸಮೋವಾದ ಕಲಾವಿದ ಫ್ರೆಡ್ಡಿ ಲೆತುಲಿ ಅಲ್ಲಿ ತಾಲೀಮು ನಡೆಸುತ್ತಿದ್ದಾಗ ಬೆಂಕಿ ನುಂಗುವ ಹಿಂದೂ ಕಸರತ್ತುಗಾರನೊಬ್ಬನನ್ನೂ ದೀಪದ ಕೋಲು ತಿರುಗಿಸುವ ಹುಡುಗಿಯನ್ನೂ ನೋಡಿದರಂತೆ. ಆ ಕಸರತ್ತುಗಾರನಿಂದಲೇ ಇಂಧನ ಪಡೆದು, ಕತ್ತಿಗೆ ಬಟ್ಟೆ ಸುತ್ತಿ ಹಚ್ಚಿದರು. ನಮ್ಮ ಕಡೆಯ ಯಾವ ಊರಿನಿಂದ ಹೋದವನೋ ಆತ, ಹೆಸರು ಚರಿತ್ರೆಯಲ್ಲಿಲ್ಲ. ಇಂದು ಸಮೋವನ್ನರು ಈ ಕುಣಿತವನ್ನು ತಮ್ಮದೆಂದು ಹೆಮ್ಮೆಯಿಂದ ಕಲಿಸುತ್ತಾರೆ, ಸ್ಪರ್ಧೆ ನಡೆಸುತ್ತಾರೆ. ಅವರದೇ ಹೌದು. ಒಂದು ಜನ ತಮ್ಮ ಕಲೆಗೆ ಹೊಸದನ್ನು ತಾವಾಗಿ ಕೂಡಿಸಿಕೊಳ್ಳುವುದಕ್ಕೂ, ಹೊರಗಿನ ವ್ಯಾಪಾರಿ ಅವರ ದೇವರ ಮುಖವನ್ನು ಲೋಟ ಮಾಡಿ ಮಾರುವುದಕ್ಕೂ ವ್ಯತ್ಯಾಸವಿದೆ.

ಟಿಕಿಯ ಮೇಲಿನ ಆಕ್ಷೇಪಣೆಯ ತಿರುಳು ಇದೇ. ನ್ಯೂಜಿಲೆಂಡಿನ ಮಾವೋರಿ ಮತ್ತು ಪಾಲಿನೇಷ್ಯದ ಮಾರ್ಕೇಸಸ್ ದ್ವೀಪಗಳ ಜನರಿಗೆ ಟಿಕಿ ಎಂದರೆ ಪೂರ್ವಜ, ಮೊದಲ ಮನುಷ್ಯ, ಪೂಜ್ಯ ಕೆತ್ತನೆ. ಹವಾಯಿಯ ರಾಣಿ ಲಿಲಿಯುಕಲಾನಿಯನ್ನು 1893ರಲ್ಲಿ ಅಮೆರಿಕನ್ ವ್ಯಾಪಾರಿಗಳು ನೌಕಾಪಡೆಯ ಬಲದ ನೆರಳಿನಲ್ಲಿ ಪದಚ್ಯುತಗೊಳಿಸಿದರು. 1898ರಲ್ಲಿ ದ್ವೀಪಗಳನ್ನು ಅಮೆರಿಕ ತನ್ನೊಳಗೆ ಸೇರಿಸಿಕೊಂಡಿತು. ನೆಲ ಕಿತ್ತುಕೊಂಡವರೇ ಆ ನೆಲದ ವಿಗ್ರಹಗಳನ್ನು ಬಾರಿನ ಮೂಲೆಯಲ್ಲಿಟ್ಟರೆ ಅಲ್ಲಿನವರಿಗೆ ನೋವಾಗುವುದು ಸಹಜ. ಹೆಣ್ಣಿನ ಚಿತ್ರಣದ ಮಾತು ಬೇರೆಯೇ ಇದೆ. ಮಾಯ್-ಕಾಯ್‌ನಲ್ಲಿ 'ಮಿಸ್ಟರಿ ಡ್ರಿಂಕ್' ಎಂಬ ದೊಡ್ಡ ಬಟ್ಟಲಿನ ಪೇಯವನ್ನು ಜಾಗಟೆಯ ಸದ್ದಿನೊಂದಿಗೆ ಯುವತಿಯೊಬ್ಬಳು ತಂದು, ಗಿರಾಕಿಯ ಕೊರಳಿಗೆ ಹಾರ ಹಾಕುವುದು ಹಳೆಯ ರೂಢಿ. ಸರೋಂಗ್ ಉಟ್ಟ ಪರಿಚಾರಿಕೆಯರ ಚಿತ್ರಗಳಿರುವ ಕ್ಯಾಲೆಂಡರುಗಳನ್ನೂ ಅಚ್ಚು ಹಾಕಿಸುತ್ತಿದ್ದರು. ದ್ವೀಪವೆಂದರೆ ಇಲ್ಲವೆನ್ನದ ಹೆಣ್ಣು ಎಂಬ ವಸಾಹತು ಕಾಲದ ಕನಸಿನ ಮುಂದುವರಿಕೆ ಅದು. ಹಳೆಯದೆಂಬ ಕಾರಣಕ್ಕೆ ಅದಕ್ಕೆ ಮಾಫಿ ಕೊಡಬೇಕೆಂದು ನನಗನಿಸುವುದಿಲ್ಲ.

ಪಟ್ಟಿಯಲ್ಲಿದ್ದರೂ ನೆಲಸಮ

1970ರ ದಶಕಕ್ಕೆ ಈ ಹುಚ್ಚು ಇಳಿಯಿತು. ವಿಯೆಟ್ನಾಂ ಯುದ್ಧ ನೋಡಿದ ಪೀಳಿಗೆಗೆ ಅಪ್ಪಂದಿರ ಹುಲ್ಲು ಮಾಡಿನ ಬಾರುಗಳು ಹಾಸ್ಯಾಸ್ಪದವಾಗಿ ಕಂಡವು. 1989ರಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನ ಒಡೆಯರಾಗಿದ್ದ ಡೊನಾಲ್ಡ್ ಟ್ರಂಪ್ ಅಲ್ಲಿನ ಟ್ರೇಡರ್ ವಿಕ್ಸ್ ಮುಚ್ಚುವುದಾಗಿ ಪ್ರಕಟಿಸಿದರು. ಅದು ತಮ್ಮ ಹೋಟೆಲಿನ ಅಂದಕ್ಕೆ ಒಪ್ಪುವುದಿಲ್ಲವೆಂಬುದು ಅವರ ತೀರ್ಮಾನ. ಬಂಗಾರದ ನಲ್ಲಿಗಳ ಅಭಿರುಚಿಯವರಿಂದ ಬಂದ ಈ ತೀರ್ಪಿಗೆ ಟಿಕಿ ಅಭಿಮಾನಿಗಳು ಇಂದಿಗೂ ನಗುತ್ತಾರೆ.

ಎಲ್ಲಕ್ಕಿಂತ ಪಾಠ ಕಲಿಸುವುದು ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿದ್ದ 'ಕಹೀಕಿ'ಯ ಕತೆ. 1961ರಲ್ಲಿ ತೆರೆದ ಈ ಕಟ್ಟಡಕ್ಕೆ ದೋಣಿಯ ಬೆನ್ನಿನಂತೆ ಎದ್ದ ಬೃಹತ್ ಚಾವಣಿ. ಒಳಗೆ ಈಸ್ಟರ್ ದ್ವೀಪದ ಮೊಗದಾಕಾರದ ಅಗ್ಗಿಷ್ಟಿಕೆ, ಅದರ ಬಾಯಲ್ಲಿ ಬೆಂಕಿ. ಅಲಂಕಾರದ ಮಟ್ಟಿಗೆ ಮಾಯ್-ಕಾಯ್‌ಗೂ ಮಿಗಿಲು ಎನ್ನುವವರಿದ್ದಾರೆ. 1997ರಲ್ಲಿ ಅದು ರಾಷ್ಟ್ರೀಯ ಪಟ್ಟಿ ಸೇರಿತು. 2000ದ ಆಗಸ್ಟಿನಲ್ಲಿ ಮುಚ್ಚಿತು, ಅದೇ ವರ್ಷದ ಕೊನೆಗೆ ನೆಲಸಮವಾಯಿತು. ಆ ಜಾಗದಲ್ಲಿ ವಾಲ್‌ಗ್ರೀನ್ಸ್ ಔಷಧ ಅಂಗಡಿ ಎದ್ದಿತು. ಕಹೀಕಿ ಎಂಬ ಹೆಸರು ಉಳಿದದ್ದು ಹಿಮಗಟ್ಟಿಸಿದ ಆಹಾರದ ಪೊಟ್ಟಣಗಳ ಮೇಲೆ.

ರಾಷ್ಟ್ರೀಯ ಪಟ್ಟಿಯಲ್ಲಿದ್ದದ್ದನ್ನು ಕೆಡವಿದ್ದು ಹೇಗೆ ಎಂದು ಕೇಳಬಹುದು. ಇಲ್ಲೇ ಬಹಳ ಜನ ಎಡವುವುದು. ಅಮೆರಿಕದ ರಾಷ್ಟ್ರೀಯ ಪಟ್ಟಿ ಒಂದು ಗೌರವ, ಕಾವಲಲ್ಲ. ಕೇಂದ್ರ ಸರ್ಕಾರದ ಹಣ ಅಥವಾ ಪರವಾನಗಿಯ ಯೋಜನೆಯೊಂದು ಆ ಕಟ್ಟಡಕ್ಕೆ ಧಕ್ಕೆ ತರುವಂತಿದ್ದರೆ ಪರಿಶೀಲನೆ ನಡೆಯುತ್ತದೆ. ಆದಾಯ ತರುವ ಪಾರಂಪರಿಕ ಕಟ್ಟಡವನ್ನು ನಿಯಮದಂತೆ ಜೀರ್ಣೋದ್ಧಾರ ಮಾಡಿದರೆ ಖರ್ಚಿನ ಶೇಕಡ 20ರಷ್ಟು ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಖಾಸಗಿ ಮಾಲೀಕ ತನ್ನ ದುಡ್ಡಿನಲ್ಲಿ ತನ್ನ ಕಟ್ಟಡ ಕೆಡವುತ್ತೇನೆಂದರೆ ಪಟ್ಟಿ ಅಡ್ಡ ಬರುವುದಿಲ್ಲ. ಹಲ್ಲಿರುವುದು ಸ್ಥಳೀಯ ಕಾನೂನಿಗೆ. ನಗರಾಡಳಿತ ತನ್ನ ಮಟ್ಟದಲ್ಲಿ ಪಾರಂಪರಿಕವೆಂದು ಘೋಷಿಸಿದ್ದರೆ, ಹೊರನೋಟ ಬದಲಿಸಲೂ ಅದರ ಮಂಡಳಿಯ ಒಪ್ಪಿಗೆ ಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಫೇರ್‌ಮಾಂಟ್ ಹೋಟೆಲಿನ 'ಟೊಂಗಾ ರೂಮ್' ಉಳಿದದ್ದರಲ್ಲೂ ನಗರಮಟ್ಟದ ಒತ್ತಡದ ಪಾಲು ದೊಡ್ಡದು. ಅಲ್ಲಿ ಹಳೆಯ ಈಜುಕೊಳದ ಮೇಲೆ ವಾದ್ಯಗಾರರ ತೆಪ್ಪ ತೇಲುತ್ತದೆ; ಅದನ್ನು ತೆಗೆದು ವಸತಿ ಕಟ್ಟುವ ಯೋಜನೆ 2009ರ ಸುಮಾರಿಗೆ ಎದ್ದು ಮಲಗಿತು.

ಮಾಯ್-ಕಾಯ್‌ನ ಅಪಾಯವೂ ನೆಲದ ಬೆಲೆಯಿಂದಲೇ ಬಂದದ್ದು. ಒಂದು ಕಾಲದ ಖಾಲಿ ರಸ್ತೆ ಈಗ ಪ್ರಧಾನ ವಾಣಿಜ್ಯ ಹೆದ್ದಾರಿ. ಎರಡೂವರೆ ಎಕರೆ ಮೀರಿದ ಜಾಗದಲ್ಲಿ ಒಂದೇ ಅಂತಸ್ತಿನ ಊಟದ ಕೋಣೆಗಳು, ತೋಟ, ಕಾರು ನಿಲ್ಲಿಸುವ ಬಯಲು. ಲೆಕ್ಕ ಹಾಕುವವನಿಗೆ ಅಲ್ಲಿ ಬಹುಮಹಡಿ ಕಟ್ಟಡವೇ ಕಾಣುತ್ತದೆ. ಚಾವಣಿ ಕುಸಿದಾಗ ಹಳೆಯ ಅಡುಗೆಮನೆಯನ್ನು ಈಗಿನ ನಿಯಮಗಳಿಗೆ ತಕ್ಕಂತೆ ಪೂರ್ತಿ ಹೊಸದಾಗಿ ಕಟ್ಟಬೇಕಾಯಿತು. ಅದು ಕುಟುಂಬವೊಂದರ ಕೈ ಮೀರಿದ ಖರ್ಚು. 2021ರ ಸೆಪ್ಟೆಂಬರಿನಲ್ಲಿ 75 ಲಕ್ಷ ಡಾಲರಿಗೆ ಆಸ್ತಿ ಮಾರಾಟವಾಯಿತು. ಕೊಂಡವರಲ್ಲಿ ಮುಖ್ಯರಾದ ಬಿಲ್ ಫುಲ್ಲರ್ ಅವರ ಸಂಸ್ಥೆ ಮಯಾಮಿಯ ಲಿಟಲ್ ಹವಾನಾದಲ್ಲಿ 'ಬಾಲ್ ಅಂಡ್ ಚೈನ್' ಎಂಬ ಹಳೆಯ ಸಂಗೀತದ ಬಾರನ್ನು ಬದುಕಿಸಿದ ಅನುಭವವುಳ್ಳದ್ದು. ಥಾರ್ನ್‌ಟನ್ ಕುಟುಂಬವೂ ಸಹಭಾಗಿಯಾಗಿ ಉಳಿಯಿತು, ಪ್ರದರ್ಶನದೊಂದಿಗೆ ಮಿರೇಯ್ ಅವರ ನಂಟು ಮುಂದುವರಿಯಿತು. ಪ್ರವೇಶದ ದಾರಿ, ಕಾರು ನಿಲ್ಲಿಸುವ ಜಾಗ ಹೊಸ ವಿನ್ಯಾಸ ಪಡೆದವು. ಒಳಗಿನ ಹಳೆಯ ಕೋಣೆಗಳನ್ನು ಆದಷ್ಟು ಇದ್ದಂತೆ ಇಟ್ಟರು. ವರ್ಷವರ್ಷವೂ 'ಹುಕಿಲಾವ್' ಮೇಳಕ್ಕೆ ದೂರದೂರದಿಂದ ಬಂದು ಸೇರುತ್ತಿದ್ದ ಅಭಿಮಾನಿಗಳು ಇಂಥ ಹೂಡಿಕೆಗೆ ಗಿರಾಕಿಗಳಿದ್ದಾರೆಂದು ಮೊದಲೇ ತೋರಿಸಿಕೊಟ್ಟಿದ್ದರು. ಕಹೀಕಿಗೆ ಸಿಗದಿದ್ದದ್ದು ಇದೇ. 2000ದಲ್ಲಿ ಟಿಕಿಯ ಮರುಹುಟ್ಟು ಆಗಷ್ಟೇ ಕಣ್ಣು ಬಿಡುತ್ತಿತ್ತು, ಕೊಲಂಬಸ್‌ನ ಮಾಲೀಕರಿಗೆ ಕಾಯುವ ಕಾರಣವಿರಲಿಲ್ಲ.

ಆದ್ದರಿಂದ ಮಾಯ್-ಕಾಯ್ ಉಳಿದದ್ದನ್ನು ಕಾನೂನಿನ ಗೆಲುವೆಂದು ಬರೆಯುವವರೊಂದಿಗೆ ನನಗೆ ತಕರಾರಿದೆ. ಒಳ್ಳೆಯ ಕೊಳ್ಳುಗ, ಬಿಟ್ಟುಕೊಡದ ಕುಟುಂಬ, ಸರಿಯಾದ ಸಮಯ ಮೂರೂ ಕೂಡಿದವು. ಓಕ್‌ಲ್ಯಾಂಡ್ ಪಾರ್ಕಿನ ಪಾರಂಪರಿಕ ಮಂಡಳಿಗೆ ಮಾಡಿನ ಆಕಾರ, ಹೊರಗೋಡೆ, ಪ್ರವೇಶದ್ವಾರದ ಬಗ್ಗೆ ಮಾತನಾಡುವ ಅಧಿಕಾರವಿದೆ. ಹಿಂಬದಿ ಕೋಣೆಯಲ್ಲಿ ಪಾಕ ಯಾರು ಕಾಯಿಸುತ್ತಾರೆ, ಲಿಕುಡಿನೆಯವರ ಅಳತೆ ಉಳಿಯುತ್ತದೆಯೇ, ಕುಣಿಯುವವರು ಯಾರು, ಅವರ ಸಂಬಳವೆಷ್ಟು ಎಂದು ಕೇಳುವ ಅಧಿಕಾರವಿಲ್ಲ. ಹೊಸ ಮಾಲೀಕರು ಹಳೆಯ ಕೈಗಳನ್ನು ಉಳಿಸಿಕೊಂಡದ್ದು ತಮ್ಮ ಇಚ್ಛೆಯಿಂದ, ಮತ್ತು ಅದೇ ತಮ್ಮ ಸರಕು ಎಂಬ ವ್ಯಾಪಾರಿ ತಿಳಿವಳಿಕೆಯಿಂದ. ಮುಂದೊಮ್ಮೆ ಆಸ್ತಿ ಮತ್ತೆ ಕೈ ಬದಲಿಸಿದರೆ ಮಾಡಿನ ಬಣ್ಣ ಬದಲಿಸುವ ಅರ್ಜಿ ಮಂಡಳಿಯ ಮುಂದೆ ಬರಲೇಬೇಕು. ಹಿಂಬದಿ ಕೋಣೆಯ ಅಳತೆ ಬದಲಿಸುವವನು ಯಾರಿಗೂ ಅರ್ಜಿ ಹಾಕಬೇಕಿಲ್ಲ. ಅದಕ್ಕೆ ನಮೂನೆಯೇ ಇಲ್ಲ.